ಮೀನಿನ ಲುಂಪಿಯಾ ಬಾಣಲೆಯಲ್ಲಿ ಒಡೆಯುವುದು ಯಾಕೆ?

ಪ್ರಶ್ನೆ: "ನಾನು ಕುಂದಾಪುರದವಳು. ಮದುವೆಯಾದ ಮೇಲೆ ಶಾರ್ಜಾದಲ್ಲಿದ್ದೇನೆ. ನನ್ನ ಜೊತೆ ಕೆಲಸ ಮಾಡುವ ಫಿಲಿಪೀನ್ಸ್ ಗೆಳತಿ ಕ್ರಿಸ್‌ಮಸ್ ಊಟಕ್ಕೆ ಮೀನು ತುಂಬಿದ ಲುಂಪಿಯಾ ತಂದಿದ್ದಳು. ತೆಳು ಮೈದಾ ಹಾಳೆಯಲ್ಲಿ ಹೂರಣ ಸುತ್ತಿ ಕರಿಯುವ ಅವರ ಕಡೆಯ ಸ್ಪ್ರಿಂಗ್ ರೋಲ್ ಅದು. ಬೆರಳಿನಷ್ಟು ದಪ್ಪ, ಎರಡಿಂಚು ಉದ್ದ, ಎರಡೂ ತುದಿ ತೆರೆದೇ ಇತ್ತು. ಬೆಳಿಗ್ಗೆ ಕರಿದದ್ದು ಮಧ್ಯಾಹ್ನಕ್ಕೂ ಗರಿಗರಿ. ಹೇಗೆ ಮಾಡಿದೆ ಅಂದರೆ 'ಸುಮ್ನೆ ಸುತ್ತಿ ಕರಿಯೋದು' ಅಂತ ನಗುತ್ತಾಳೆ. ನಾನೂ ಮಾಡಿದೆ. ಬಂಗುಡೆ ಬೇಯಿಸಿ, ಬಿಡಿಸಿ, ಹಸಿ ಈರುಳ್ಳಿ, ಎಲೆಕೋಸು, ಕ್ಯಾರೆಟ್ ಸೇರಿಸಿ ಸುತ್ತಿದೆ. ತುದಿ ತೆರೆದದ್ದರಿಂದ ಮೀನೆಲ್ಲ ಎಣ್ಣೆಗೆ ಉದುರಿತು. ತುದಿ ಮುಚ್ಚಿ ಮಾಡಿದರೆ ಪಟ್ ಅಂತ ಒಡೆದು ಎಣ್ಣೆ ಕೈಗೆ ಸಿಡಿಯಿತು. ಒಡೆಯದೇ ಉಳಿದವು ಹತ್ತು ನಿಮಿಷದಲ್ಲಿ ಮೆತ್ತಗಾದವು. ಮಗನಿಗೆ ಮುಳ್ಳು ಬೇರೆ ಸಿಕ್ಕಿತು. ಮುಂದಿನ ಸಲ ಎರಡು ಹಾಳೆ ಸುತ್ತಿದೆ. ಒಳಗಿನ ಹಾಳೆ ಹಸಿ ಹಿಟ್ಟಾಗಿಯೇ ಉಳಿಯಿತು. ಹಸಿ ಮೀನನ್ನೇ ತುಂಬಬಹುದಾ? ಗೆಳತಿ ಸ್ವಲ್ಪ ಚೀಸ್ ಹಾಕು ಅನ್ನುತ್ತಾಳೆ, ಅತ್ತೆ ಮೀನಿನ ಜೊತೆ ಹಾಲಿನದು ಕೂಡದು ಅನ್ನುತ್ತಾರೆ. ಏರ್ ಫ್ರೈಯರ್‌ನಲ್ಲಿ ಆಗುತ್ತದಾ? ಮೊದಲೇ ಸುತ್ತಿ ಫ್ರೀಜರ್‌ನಲ್ಲಿ ಇಡಬಹುದಾ? ನಾನು ಎಲ್ಲಿ ತಪ್ಪಿದೆ ಹೇಳಿ."

ಉತ್ತರ: ನಿಮ್ಮ ಪತ್ರ ಓದುವಾಗ ನನಗೆ ನಗು ಬಂತು. ಬೇಜಾರು ಮಾಡಿಕೊಳ್ಳಬೇಡಿ, ನಕ್ಕಿದ್ದು ನನ್ನನ್ನೇ ನೆನೆದು. ನಾನು ಹದಿನಾಲ್ಕು ವರ್ಷ ಹಡಗಿನ ಅಡುಗೆಮನೆಗಳಲ್ಲಿ ಕೆಲಸ ಮಾಡಿದವನು. ಅಲ್ಲಿ ನನ್ನ ಜೊತೆಗಿದ್ದವರಲ್ಲಿ ಹೆಚ್ಚಿನವರು ಫಿಲಿಪೀನ್ಸ್‌ನವರೇ. ಸೇರಿದ ಹೊಸದರಲ್ಲಿ ಒಂದು ಸಂಜೆ ಮೀನಿನ ಲುಂಪಿಯಾ ನನ್ನ ತಲೆಗೆ ಬಂತು. ಮಂಗಳೂರು ಕಡೆಯವನು, ಮೀನು ನನಗೆ ಹೇಳಿಕೊಡಬೇಕಾ ಅನ್ನುವ ಧಿಮಾಕು. ಮೊದಲ ಬಾಣಲೆಯಲ್ಲಿ ಹಾಕಿದ ಇಪ್ಪತ್ತರಲ್ಲಿ ಹದಿನೈದು ಒಡೆದವು. ಎಣ್ಣೆಯ ತುಂಬ ಮೀನಿನ ಪುಡಿ. ಫಿಲಿಪೀನ್ಸ್‌ನ ಇಲೊಯಿಲೊ ಕಡೆಯ ಹಿರಿಯ ಅಡುಗೆಯವರೊಬ್ಬರು ಬಂದು, ಇನ್ನೂ ಕರಿಯದ ಒಂದು ಸುರುಳಿಯನ್ನು ಎತ್ತಿಕೊಂಡು ಮುಷ್ಟಿಯಲ್ಲಿ ಹಿಂಡಿದರು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು. ಒಂದು ಮಾತೂ ಆಡದೆ ಅದನ್ನು ನನ್ನ ಕೈಗೆ ಕೊಟ್ಟು ಹೋದರು.

ನಿಮ್ಮ ತೊಂದರೆಗಳಲ್ಲಿ ಮುಕ್ಕಾಲು ಪಾಲು ಆ ನೀರಿನದ್ದೇ. ಉಳಿದ ಕಾಲು ಪಾಲು ಬೇರೆ. ಅದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನೀವೇ ಅದರ ಸುಳಿವು ಕೊಟ್ಟಿದ್ದೀರಿ.

ಗೆಳತಿಯ ಲುಂಪಿಯಾದ ಎರಡೂ ತುದಿ ತೆರೆದಿತ್ತು ಅಂದಿರಿ. ಹಾಗಾದರೆ ಆಕೆ ಬೇಯಿಸಿ ಬಿಡಿಸಿದ ಮೀನು ತುಂಬಿರಲಿಕ್ಕಿಲ್ಲ. ಹಸಿ ಮೀನನ್ನು ನುಣ್ಣಗೆ ಕೊಚ್ಚಿ, ಅಂಟಂಟಾಗಿ ಕಲಸಿ ತುಂಬಿರಬೇಕು. ಫಿಲಿಪೀನ್ಸ್‌ನಲ್ಲಿ ಇದಕ್ಕೊಂದು ಮಾದರಿ ಇದೆ. ಅದರ ಹೆಸರು ಲುಂಪಿಯಾಂಗ್ ಶಾಂಘೈ. ಹೆಸರಿನಲ್ಲಿ ಶಾಂಘೈ ಇದ್ದರೂ ಇದು ಆ ಊರಿನ ತಿಂಡಿ ಅಲ್ಲ. ಸಾಮಾನ್ಯವಾಗಿ ಕೊಚ್ಚಿದ ಹಂದಿ ಮಾಂಸದಿಂದ ಮಾಡುತ್ತಾರೆ. ಉದ್ದ ಹಾಳೆಗೆ ತೆಳುವಾಗಿ ಹೂರಣ ಇಟ್ಟು, ಸಿಗರೇಟಿನ ಹಾಗೆ ಬಿಗಿಯಾಗಿ ಸುತ್ತಿ, ಆಮೇಲೆ ಎರಡೆರಡು ಇಂಚಿಗೆ ಕತ್ತರಿಸುತ್ತಾರೆ. ತುದಿ ತೆರೆದೇ ಇರುತ್ತದೆ. ಹಸಿ ಮಾಂಸ ಬಿಸಿ ಎಣ್ಣೆ ತಾಗಿದ ಕ್ಷಣ ಗಟ್ಟಿಯಾಗಿ ತಾನೇ ಬಿರಡೆಯಂತೆ ಕೂರುತ್ತದೆ, ಉದುರುವುದಿಲ್ಲ. ಒಳಗಿನ ಆವಿಗೂ ಎರಡು ಬಾಗಿಲು ತೆರೆದೇ ಇರುತ್ತವೆ, ಅದಕ್ಕೇ ಒಡೆಯುವುದಿಲ್ಲ.

ಇನ್ನೊಂದು ಮಾದರಿ ಮನೆಮನೆಯದ್ದು. ಅಲ್ಲಿಯ ಟಗಾಲೊಗ್ ಭಾಷೆಯಲ್ಲಿ ಇಸ್ದಾ ಅಂದರೆ ಮೀನು. ಲುಂಪಿಯಾಂಗ್ ಇಸ್ದಾ ಅಂದರೆ ಮೀನಿನ ಲುಂಪಿಯಾ. ನಿನ್ನೆ ರಾತ್ರಿ ಹುರಿದು ಉಳಿದ ಮೀನು, ಅಥವಾ ತಿನಾಪಾ ಎನ್ನುವ ಹೊಗೆಯಲ್ಲಿ ಬೇಯಿಸಿದ ಮೀನು, ಅದೂ ಇಲ್ಲದಿದ್ದರೆ ಡಬ್ಬಿಯ ಟ್ಯೂನಾ, ಹೀಗೆ ಬೆಂದ ಮೀನನ್ನೇ ಬಿಡಿಸಿ, ಬೆಳ್ಳುಳ್ಳಿ ಈರುಳ್ಳಿ ಜೊತೆ ಬಾಡಿಸಿ ತುಂಬುತ್ತಾರೆ. ಇದು ಪುಡಿಪುಡಿ ಹೂರಣ. ಇದಕ್ಕೆ ತುದಿ ಮುಚ್ಚಲೇಬೇಕು.

ನೀವು ಮಾಡಿದ್ದು ಏನು ಗೊತ್ತಾ? ಆಕಾರ ಮೊದಲನೆಯದರದ್ದು, ಹೂರಣ ಎರಡನೆಯದರದ್ದು. ಆಮೇಲೆ ತುದಿ ಮುಚ್ಚಿದಿರಿ, ಅದು ಸರಿ. ಆದರೆ ಒಳಗೆ ನೀರು ಹಾಗೇ ಇತ್ತು. ಗೆಳತಿ ಸುಳ್ಳು ಹೇಳಿಲ್ಲ, ಗುಟ್ಟು ಮುಚ್ಚಿಟ್ಟೂ ಇಲ್ಲ. ನೀರು ದೋಸೆ ಹೇಗೆ ಮಾಡುತ್ತೀರಿ ಅಂತ ಯಾರಾದರೂ ಕೇಳಿದರೆ ನೀವೂ "ಅಕ್ಕಿ ಅರೆದು ಹೊಯ್ಯೋದು" ಅಂತಲೇ ಹೇಳುತ್ತೀರಿ, ಅಲ್ವಾ? ಕೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ.

ಈಗ ನೀರಿನ ವಿಷಯ. ಮೀನಿನ ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಬೇಯಿಸಿದಾಗ ಮಾಂಸ ಕುಗ್ಗಿ ಸ್ವಲ್ಪ ನೀರು ಹೊರಗೆ ಬಿಡುತ್ತದೆ, ಉಳಿದದ್ದು ಎಸಳುಗಳ ನಡುವೆ ಕೂತಿರುತ್ತದೆ. ನೀವು ನೀರಲ್ಲಿ ಬೇಯಿಸಿದ್ದರೆ ಇನ್ನೂ ಜಾಸ್ತಿ. ಅದರ ಮೇಲೆ ಹಸಿ ಕೋಸು, ಹಸಿ ಈರುಳ್ಳಿ. ಉಪ್ಪು ತಾಗಿದ ಕೂಡಲೇ ಅವೂ ನೀರು ಬಿಡುತ್ತವೆ. ಕೋಸಂಬರಿಗೆ ಮೊದಲೇ ಉಪ್ಪು ಹಾಕಿಟ್ಟರೆ ತಳದಲ್ಲಿ ನೀರು ನಿಲ್ಲುವುದಿಲ್ಲವಾ, ಅದೇ ಕತೆ. ಈ ನೀರು ಬಿಸಿ ಎಣ್ಣೆಯಲ್ಲಿ ಆವಿಯಾಗುತ್ತದೆ. ಒಂದು ಚಮಚ ನೀರು ಆವಿಯಾದರೆ ಅದಕ್ಕೆ ಸುಮಾರು 1600 ಚಮಚದಷ್ಟು ಜಾಗ ಬೇಕು. ಕಾಗದದಷ್ಟು ತೆಳುವಾದ ಹಾಳೆ ಅದನ್ನು ಹೇಗೆ ತಡೆದೀತು? ಒಂದೋ ಅಂಟು ಬಿಟ್ಟಲ್ಲಿ ಬಾಯಿ ತೆರೆಯುತ್ತದೆ, ಇಲ್ಲವೇ ಹಾಳೆ ತೆಳುವಿದ್ದಲ್ಲಿ ಒಡೆಯುತ್ತದೆ. ಆ ಬಿರುಕಿನಿಂದ ಚಿಮ್ಮಿದ ನೀರ ಹನಿಯೇ ಎಣ್ಣೆಯನ್ನು ಸಿಡಿಸುವುದು.

ಒಡೆಯದೇ ಉಳಿದದ್ದು ಮೆತ್ತಗಾಗುವುದಕ್ಕೂ ಇದೇ ಕಾರಣ. ಬಾಣಲೆಯಿಂದ ತೆಗೆದಾಗ ಹಾಳೆ ಒಣಗಿರುತ್ತದೆ, ಹೂರಣ ಒದ್ದೆ ಇರುತ್ತದೆ. ಆರುತ್ತಾ ಆರುತ್ತಾ ಒಳಗಿನ ತೇವ ಹಾಳೆಗೆ ಬರುತ್ತದೆ. ಹತ್ತು ನಿಮಿಷ ಸಾಕು.

ಹಾಗಾದರೆ ಎರಡು ಹಾಳೆ? ಇದು ತುಂಬ ಜನ ಮಾಡುವ ತಪ್ಪು, ಯೂಟ್ಯೂಬಿನಲ್ಲೂ ಹೇಳುತ್ತಾರೆ. ಹೊರಗಿನದು ಗರಿಗರಿ ಆಗುವಷ್ಟರಲ್ಲಿ ಒಳಗಿನದು ಹೂರಣದ ಆವಿಯಲ್ಲಿ ಕಡುಬಿನ ಹಾಗೆ ಬೇಯುತ್ತದೆ. ನಿಮಗೆ ಸಿಕ್ಕಿದ ಹಸಿ ಹಿಟ್ಟು ಅದೇ. ಹಾಳೆ ಹೆಚ್ಚು ಮಾಡುವುದರ ಬದಲು ನೀರು ಕಡಿಮೆ ಮಾಡಿ. "ಎಣ್ಣೆ ಹೊಗೆಯಾಡುವಷ್ಟು ಕಾಯಿಸಿದರೆ ಬಾಯಿ ಗಪ್ಪನೆ ಮುಚ್ಚಿಕೊಳ್ಳುತ್ತದೆ" ಎನ್ನುವುದೂ ಅಷ್ಟೇ. ಅಷ್ಟು ಕಾದ ಎಣ್ಣೆಯಲ್ಲಿ ಹೊರಗೆ ಕಪ್ಪಾಗುತ್ತದೆ, ಒಳಗಿನ ನೀರು ಒಮ್ಮೆಲೇ ಕುದಿದು ಇನ್ನೂ ಬೇಗ ಒಡೆಯುತ್ತದೆ. ಹೂರಣಕ್ಕೆ ಜಾಸ್ತಿ ಕಾರ್ನ್‌ಫ್ಲೋರ್ ಸುರಿಯುವವರಿದ್ದಾರೆ. ಒಂದು ಚಮಚ ಸರಿ. ನಾಲ್ಕು ಚಮಚ ಹಾಕಿದರೆ ತಿನ್ನುವಾಗ ಗಂಜಿ ಕಚ್ಚಿದ ಹಾಗಿರುತ್ತದೆ.

ಬಂಗುಡೆಯಿಂದಲೇ ಮಾಡಬೇಕು ಅಂದರೆ ಬಿಡಿಸಿದ ಹೂರಣದ ದಾರಿ ಹಿಡಿಯಿರಿ. ಫಿಲಿಪೀನ್ಸ್‌ನಲ್ಲಿ ಬಡವರ ಮೀನು ಅಂತ ಹೆಸರಾದ ಗಲುಂಗ್ಗೊಂಗ್ ಇದೆ, ನೋಡಲು ನಮ್ಮ ಬಂಗುಡೆಯ ದೂರದ ನೆಂಟನಂತೆ. ನಮ್ಮಲ್ಲಿ ಈರುಳ್ಳಿ ರೇಟು ಏರಿದರೆ ಹೇಗೆ ಸರ್ಕಾರಕ್ಕೆ ಬಿಸಿ ಮುಟ್ಟುತ್ತದೋ, ಅಲ್ಲಿ ಗಲುಂಗ್ಗೊಂಗ್ ರೇಟು ಏರಿದರೆ ಹಾಗೆ. ಉಳಿದ ಗಲುಂಗ್ಗೊಂಗ್ ಹುರಿ ಮರುದಿನ ಲುಂಪಿಯಾ ಆಗುತ್ತದೆ. ಆದ್ದರಿಂದ ಬಂಗುಡೆ ಹಾಕಿದ್ದು ನಿಮ್ಮ ತಪ್ಪಲ್ಲ. ಬೇಯಿಸಿದ್ದು ತಪ್ಪು. ಹುರಿಯಬೇಕಿತ್ತು.

ನಾನು ಮಾಡುವ ಕ್ರಮ ಹೀಗೆ. ಮಧ್ಯಮ ಗಾತ್ರದ ನಾಲ್ಕು ಬಂಗುಡೆ, ಒಟ್ಟು ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. ಶುಚಿ ಮಾಡಿ, ಉಪ್ಪು, ಒಂದು ಚಮಚ ವಿನೆಗರ್ ಸವರಿ ಹತ್ತು ನಿಮಿಷ ಬಿಡಿ. ಆಮೇಲೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಮಸಾಲೆ ಹಚ್ಚದೆ ಸ್ವಲ್ಪ ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಹುರಿಯಿರಿ. ಹುರಿಯುವಾಗಲೇ ಅರ್ಧ ನೀರು ಹೋಯಿತು. ಆರಿದ ಮೇಲೆ ಬಿಡಿಸಿ. ಚರ್ಮ ತೆಗೆಯಿರಿ. ಚರ್ಮದ ಕೆಳಗೆ ಪಕ್ಕೆಯ ಉದ್ದಕ್ಕೂ ಇರುವ ಕಪ್ಪು ಮಾಂಸವನ್ನೂ ಮಕ್ಕಳಿಗೆ ಮಾಡುವುದಾದರೆ ತೆಗೆದುಬಿಡಿ. ವಾಸನೆ ಜಾಸ್ತಿ ಇರುವುದು ಅದಕ್ಕೇ. ಅದು ತಿನ್ನಬಾರದ್ದಲ್ಲ, ನನಗಂತೂ ಇಷ್ಟ. ಆದರೆ ಹಾಳೆಯೊಳಗೆ ಮುಚ್ಚಿಟ್ಟಾಗ ವಾಸನೆ ಹೊರಗೆ ಹೋಗಲು ಜಾಗವಿಲ್ಲ, ಮೊದಲ ಕಡಿತದಲ್ಲೇ ಮೂಗಿಗೆ ಹೊಡೆಯುತ್ತದೆ.

ಮುಳ್ಳಿನ ವಿಷಯದಲ್ಲಿ ಕಣ್ಣನ್ನು ನಂಬಬೇಡಿ, ಬೆರಳನ್ನು ನಂಬಿ. ಬಿಡಿಸಿದ ಮೀನನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಸ್ವಲ್ಪ ಸ್ವಲ್ಪವನ್ನೇ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜುತ್ತಾ ಇನ್ನೊಂದು ತಟ್ಟೆಗೆ ಹಾಕುತ್ತಾ ಹೋಗಿ. ಒಂದು ಸಲ ಅಲ್ಲ, ಎರಡು ಸಲ. ಸಾರಿನ ಮೀನಾದರೆ ತಿನ್ನುವವರು ನೋಡಿಕೊಂಡು ತಿನ್ನುತ್ತಾರೆ. ಸುರುಳಿಯೊಳಗೆ ಮುಳ್ಳಿರುತ್ತದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ, ಅದರಲ್ಲೂ ಮಕ್ಕಳು ಗಬಗಬನೆ ಕಚ್ಚುತ್ತಾರೆ. ಫಿಲಿಪೀನ್ಸ್ ಜನರ ನೆಚ್ಚಿನ ಬಾಂಗುಸ್ ಮೀನಿನಲ್ಲಿ, ಅಂದರೆ ನಮ್ಮ ಕರಾವಳಿಯ ಹೂಮೀನಿನಲ್ಲಿ, ಮಾಂಸದೊಳಗೇ ಇನ್ನೂರಕ್ಕೂ ಹೆಚ್ಚು ಸಣ್ಣ ಮುಳ್ಳುಗಳಿರುತ್ತವೆ. ಆ ಮೀನಿಗೆ ಹೆಸರಾದ ದಾಗುಪಾನ್ ಪಟ್ಟಣದಲ್ಲಿ ಚಿಮಟ ಹಿಡಿದು ಒಂದೊಂದೇ ಮುಳ್ಳು ಕೀಳುವುದನ್ನೇ ಕೆಲಸ ಮಾಡಿಕೊಂಡವರಿದ್ದಾರೆ. ಬಂಗುಡೆ ಅದರ ಮುಂದೆ ಸಾಧು ಪ್ರಾಣಿ.

ಇಷ್ಟಾದರೆ ಸುಮಾರು ಕಾಲು ಕಿಲೋ ಮೀನು ಸಿಗುತ್ತದೆ. ಒಂದು ಕ್ಯಾರೆಟ್ ತುರಿದು, ಒಂದು ಹಿಡಿ ಕೋಸು ಸಣ್ಣಗೆ ಹೆಚ್ಚಿ, ಅರ್ಧ ಚಮಚ ಉಪ್ಪು ಬೆರೆಸಿ ಕಾಲು ಗಂಟೆ ಬಿಟ್ಟು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ. ಬಾಣಲೆಯಲ್ಲಿ ಒಂದು ಚಮಚ ಎಣ್ಣೆ, ಐದಾರು ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ. ಈರುಳ್ಳಿ ಕೆಂಪಗಾಗಬೇಕೆಂದಿಲ್ಲ, ಆದರೆ ಅದರ ನೀರು ಪೂರ್ತಿ ಹೋಗಬೇಕು. ಹಿಂಡಿದ ತರಕಾರಿ ಹಾಕಿ ಎರಡು ನಿಮಿಷ. ಮೀನು ಹಾಕಿ. ಒಂದು ಚಮಚ ಸೋಯಾ ಸಾಸ್, ಜಾಸ್ತಿ ಕಾಳುಮೆಣಸು. ಶಾರ್ಜಾದಲ್ಲಿ ಪಾತಿಸ್ ಸಿಗುತ್ತದೆ, ಅದು ಉಪ್ಪುಮೀನಿನಿಂದ ಇಳಿಸಿದ ರಸ. ಸಿಕ್ಕರೆ ಸೋಯಾ ಬದಲು ಅರ್ಧ ಚಮಚ ಅದನ್ನು ಹಾಕಿ. ಎರಡರಲ್ಲೂ ಉಪ್ಪು ಜೋರು, ಆದ್ದರಿಂದ ಬೇರೆ ಉಪ್ಪು ನೋಡಿಕೊಂಡು ಹಾಕಿ. ಸೌಟು ಎಳೆದರೆ ಬಾಣಲೆಯ ತಳ ಒಣಗಿ ಕಾಣಬೇಕು, ಅಲ್ಲಿಯವರೆಗೆ ಸಣ್ಣ ಉರಿಯಲ್ಲಿ ಆಡಿಸುತ್ತಿರಿ.

ಈಗ ನಮ್ಮ ಇಲೊಯಿಲೊ ಹಿರಿಯರ ಪರೀಕ್ಷೆ. ಒಂದು ಹಿಡಿ ಹೂರಣ ಆರಿಸಿ ಮುಷ್ಟಿಯಲ್ಲಿ ಹಿಂಡಿ. ಅಂಗೈ ಎಣ್ಣೆಯಿಂದ ಮಿನುಗಬಹುದು, ಹನಿ ಬರಬಾರದು. ಬಂದರೆ ಮತ್ತೆ ಒಲೆಗೆ. ಪೂರ್ತಿ ತಣ್ಣಗಾದ ಮೇಲೆ ಒಂದು ಮೊಟ್ಟೆ, ಒಂದು ಚಮಚ ಕಾರ್ನ್‌ಫ್ಲೋರ್, ಹೆಚ್ಚಿದ ಈರುಳ್ಳಿ ಸೊಪ್ಪು ಬೆರೆಸಿ. ಮೊಟ್ಟೆ ಬೆಂದು ಪುಡಿಯನ್ನು ಹಿಡಿದುಕೊಳ್ಳುತ್ತದೆ. ಬಿಸಿ ಇರುವಾಗಲೇ ಸುತ್ತಿದರೆ ಅದರ ಆವಿಗೆ ಹಾಳೆ ನೆನೆದು ಹರಿಯುತ್ತದೆ. ಅವಸರದಲ್ಲಿ ನಾನೂ ಎಷ್ಟೋ ಸಲ ಹೀಗೆ ಮಾಡಿ ಕೆಡಿಸಿದ್ದೇನೆ.

ಕುಂದಾಪುರದ ಮಸಾಲೆ ಪುಡಿ ಹಾಕಬಹುದಾ ಅಂತ ನೀವು ಕೇಳಲಿಲ್ಲ, ಆದರೆ ಡಬ್ಬಿ ಕೈಗೆ ಹತ್ತಿರವೇ ಇರುತ್ತದೆ ಅಂತ ಗೊತ್ತು. ಹಾಕಿದರೆ ರುಚಿಯಾಗಿಯೇ ಇರುತ್ತದೆ. ಅದು ಬಂಗುಡೆ ರೋಲ್ ಆಗುತ್ತದೆ, ಲುಂಪಿಯಾ ಆಗುವುದಿಲ್ಲ. ಲುಂಪಿಯಾದ ಖಾರ ಹುಳಿ ಎಲ್ಲ ಹೊರಗಿನ ಅದ್ದುವ ರಸದಲ್ಲಿ. ಒಳಗೆ ಬೆಳ್ಳುಳ್ಳಿ, ಕಾಳುಮೆಣಸು, ಮೀನು, ಅಷ್ಟೇ.

ಇನ್ನು ಗೆಳತಿ ಮಾಡಿದಂಥದ್ದೇ ಬೇಕು ಅಂದರೆ. ಹೌದು, ಹಸಿ ಮೀನು ತುಂಬಬಹುದು. ಆದರೆ ತುಂಡು ಮೀನಲ್ಲ, ಅರೆದ ಮೀನು. ಹಸಿ ಮೀನಿಗೆ ಉಪ್ಪು ಹಾಕಿ ಅರೆದಾಗ ಅದರ ಪ್ರೋಟೀನ್ ಕರಗಿ ಅಂಟಾಗುತ್ತದೆ, ಬಿಸಿ ತಾಗಿದಾಗ ಆ ಅಂಟು ಬಲೆಯಂತೆ ಹೆಣೆದುಕೊಂಡು ನೀರನ್ನು ತನ್ನೊಳಗೇ ಹಿಡಿದಿಡುತ್ತದೆ. ಫಿಶ್ ಬಾಲ್ ರಬ್ಬರಿನ ಹಾಗೆ ಪುಟಿಯುವುದು ಇದೇ ಕಾರಣಕ್ಕೆ. ಅಂದರೆ ಈ ದಾರಿಯಲ್ಲಿ ನೀರನ್ನು ಓಡಿಸುವುದಿಲ್ಲ, ಕಟ್ಟಿಹಾಕುತ್ತೇವೆ.

ಇದಕ್ಕೆ ಬಂಗುಡೆ ಬೇಡ, ಹಸಿ ಬಂಗುಡೆಯ ಮುಳ್ಳು ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅಂಜಲ್ ಒಳ್ಳೆಯದು, ಗಲ್ಫಿನಲ್ಲಿ ಸಿಗುವ ಹಮ್ಮೂರ್ ಮೀನೂ ಆಗುತ್ತದೆ, ಜೇಬಿಗೆ ಹಗುರ ಬೇಕಾದರೆ ತಿಲಾಪಿಯಾ. ಫ್ರೀಜರಿನ ಬಾಸಾ ಮೀನಿನಲ್ಲಿ ನೀರು ಬಹಳ, ಕರಗಿಸಿ ಹಿಂಡಿದರೂ ಮುಗಿಯುವುದಿಲ್ಲ. ಮುಳ್ಳು ಚರ್ಮ ತೆಗೆದ 400 ಗ್ರಾಂ ಮೀನನ್ನು ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗೆ ಮಾಡಿ, ಒಂದು ಸಣ್ಣ ಚಮಚ ಉಪ್ಪು ಹಾಕಿ ಮಿಕ್ಸಿಯಲ್ಲಿ ತಡೆತಡೆದು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಬಿಸಿಯಾಗಿ ಅಂಟುವ ಗುಣ ಹೋಗುತ್ತದೆ. ಒಂದು ಮೊಟ್ಟೆಯ ಬಿಳಿ, ಒಂದು ಚಮಚ ಕಾರ್ನ್‌ಫ್ಲೋರ್, ಅರೆದ ಬೆಳ್ಳುಳ್ಳಿ, ಕಾಳುಮೆಣಸು, ಹಿಂಡಿದ ಕ್ಯಾರೆಟ್ ತುರಿ, ಸಣ್ಣಗೆ ಹೆಚ್ಚಿ ಹಿಂಡಿದ ಈರುಳ್ಳಿ ಸೇರಿಸಿ, ಕೈಯಿಂದ ಒಂದೇ ದಿಕ್ಕಿಗೆ ಎರಡು ಮೂರು ನಿಮಿಷ ಕಲಸಿ. ಕೈಗೆ ಅಂಟಿ ಎಳೆ ಎಳೆ ಬಂದರೆ ಆಯಿತು. ಹಸಿಯಾಗಿ ರುಚಿ ನೋಡಬೇಡಿ. ಗೋಲಿಯಷ್ಟು ಹುರಿದು ನೋಡಿ.

ಒಂದು ಅಪಾಯ ಮಾತ್ರ ಇಲ್ಲಿದೆ. ಹೊರಗೆ ಬೇಗ ಕೆಂಪಾಗುತ್ತದೆ, ಒಳಗೆ ಹಸಿ ಉಳಿಯಬಹುದು. ಆದ್ದರಿಂದ ಸುರುಳಿ ಬೆರಳಿಗಿಂತ ದಪ್ಪ ಆಗಬಾರದು. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ನಡುಭಾಗ 63 ಡಿಗ್ರಿ ಸೆಲ್ಸಿಯಸ್ ದಾಟಿದೆಯಾ ನೋಡಿ. ಇಲ್ಲದಿದ್ದರೆ ಮೊದಲನೆಯದನ್ನು ಮುರಿದು ನೋಡಿ. ಗಾಜಿನ ಹಾಗೆ ಪಾರದರ್ಶಕವಾಗಿದ್ದರೆ ಹಸಿ, ಪೂರ್ತಿ ಬೆಳ್ಳಗಿದ್ದರೆ ಬೆಂದಿದೆ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಇನ್ನೊಂದು ಮಾತನ್ನು ನಾನೇ ಎತ್ತಬೇಕು. ಬಂಗುಡೆ, ಬೂತಾಯಿ, ಟ್ಯೂನಾ, ಗಲುಂಗ್ಗೊಂಗ್, ಇಂಥ ಮೀನುಗಳನ್ನು ಬಿಸಿಲಲ್ಲಿ, ಕಾರಿನ ಡಿಕ್ಕಿಯಲ್ಲಿ ಹೊತ್ತು ಬಿಟ್ಟರೆ ಅವುಗಳಲ್ಲಿ ಹಿಸ್ಟಮೀನ್ ಎಂಬ ವಸ್ತು ಬೆಳೆಯುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುವುದು, ತಲೆನೋವು, ತುರಿಕೆ, ಎದೆಬಡಿತ ಬರಬಹುದು. ಜನ ಅದನ್ನು ಮೀನಿನ ಅಲರ್ಜಿ ಅಂದುಕೊಳ್ಳುತ್ತಾರೆ. "ಎಣ್ಣೆಯಲ್ಲಿ ಕರಿದರೆ ಎಲ್ಲ ಸತ್ತುಹೋಗುತ್ತದೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಬ್ಯಾಕ್ಟೀರಿಯಾ ಸಾಯಬಹುದು, ಅವು ಮಾಡಿಟ್ಟ ಹಿಸ್ಟಮೀನ್ ಕರಿದರೂ ಬೇಯಿಸಿದರೂ ಹೋಗುವುದಿಲ್ಲ. ವಾಸನೆಯಿಂದಲೂ ಯಾವಾಗಲೂ ಗೊತ್ತಾಗುವುದಿಲ್ಲ. ಗಲ್ಫಿನ ಬೇಸಿಗೆಯಲ್ಲಿ ಮೀನು ಕೊಂಡರೆ ಐಸ್ ಹಾಕಿಸಿಕೊಂಡು ನೇರ ಮನೆಗೆ ಬನ್ನಿ. ಉಳಿದ ಮೀನಿನಿಂದ ಲುಂಪಿಯಾ ಮಾಡುವಾಗಲೂ ಅಷ್ಟೇ. ರಾತ್ರಿಯೇ ಫ್ರಿಜ್‌ಗೆ ಹೋದ ಮೀನಾದರೆ ಸರಿ, ಮೇಜಿನ ಮೇಲೇ ರಾತ್ರಿ ಕಳೆದದ್ದಾದರೆ ಬೇಡ.

ಹಾಳೆಯ ಬಗ್ಗೆ. ಲುಂಪಿಯಾ ಹಾಳೆ ಅಂತಲೇ ಫಿಲಿಪೀನ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಮೈದಾ, ನೀರು, ಉಪ್ಪು. ಸ್ಪ್ರಿಂಗ್ ರೋಲ್ ಹಾಳೆ ಅಂತ ಬರೆದ ಮೈದಾ ಹಾಳೆಯೂ ಆಗುತ್ತದೆ. ಅಕ್ಕಿಯ ಪಾರದರ್ಶಕ ಹಾಳೆ ಬೇಡ, ಅದು ವಿಯೆಟ್ನಾಂ ಕಡೆಯದು, ಅದರ ಸ್ವಭಾವವೇ ಬೇರೆ. ಮೊಟ್ಟೆ ಹಾಕಿದ ದಪ್ಪ ಹಾಳೆಯೂ ಬೇಡ, ಕರಿದಾಗ ಮೈಮೇಲೆಲ್ಲ ಗುಳ್ಳೆ ಬರುತ್ತದೆ. ಊರಿಗೆ ಬಂದಾಗ ಮಾಡುವುದಾದರೆ ಸಮೋಸ ಪಟ್ಟಿ ಇದಕ್ಕೆ ತೀರ ಹತ್ತಿರ, ಅಗಲ ಮಾತ್ರ ಕಡಿಮೆ. ಮನೆಯಲ್ಲೇ ಮಾಡಬೇಕಾದರೆ ಒಂದು ಕಪ್ ಮೈದಾ, ಒಂದು ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಒಂದೂಕಾಲು ಕಪ್ ನೀರು ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆ ಬಿಡಿ. ನಾನ್‌ಸ್ಟಿಕ್ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು ಬ್ರಶ್‌ನಿಂದ ತೆಳ್ಳಗೆ ಬಳಿಯಿರಿ. ಅಂಚು ಎದ್ದ ಕೂಡಲೇ ತೆಗೆಯಿರಿ, ಮಗುಚಬೇಡಿ. ಫ್ರೀಜರಿನ ಹಾಳೆಯನ್ನು ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿ ಮೆಲ್ಲಗೆ ಕರಗಿಸಬೇಕು. ಬಿಡಿಸಿದ ಹಾಳೆಗಳ ಮೇಲೆ ಒದ್ದೆ ಹಿಂಡಿದ ಬಟ್ಟೆ ಸದಾ ಇರಲಿ.

ಸುತ್ತುವಾಗ ಗಾಳಿಗೆ ಜಾಗ ಕೊಡಬೇಡಿ. ಹಾಳೆಯ ಒಂದು ಮೂಲೆ ನಿಮ್ಮ ಕಡೆಗಿರಲಿ. ಒಂದು ದೊಡ್ಡ ಚಮಚ ಹೂರಣವನ್ನು ಬೆರಳುದ್ದಕ್ಕೆ ಇಟ್ಟು, ಮೂಲೆಯನ್ನು ಅದರ ಮೇಲೆ ಮಡಚಿ, ಮಡಚಿದ್ದನ್ನು ನಿಮ್ಮ ಕಡೆಗೆ ಒಮ್ಮೆ ಎಳೆದುಕೊಳ್ಳಿ. ಚಾಪೆ ಸುತ್ತುವಾಗ ಎಳೆದು ಬಿಗಿ ಮಾಡುವ ಹಾಗೆ. ಆಮೇಲೆ ಎರಡು ಬದಿ ಒಳಗೆ ಮಡಚಿ, ಮುಂದಕ್ಕೆ ಸುತ್ತಿ, ಕೊನೆಗೆ ಮೈದಾ ಅಂಟು ಸವರಿ. ಬರೀ ನೀರು ಸವರಿದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಅರೆದ ಮೀನಿನದಾದರೆ ಬದಿ ಮಡಚುವ ಕೆಲಸವಿಲ್ಲ. ಉದ್ದಕ್ಕೆ ಸುತ್ತಿ, ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ಕತ್ತರಿಸಿದರೆ ತುದಿ ಚೊಕ್ಕವಾಗಿ ಬರುತ್ತದೆ. ಅಲ್ಲಿ ಹುಟ್ಟುಹಬ್ಬ, ಕ್ರಿಸ್‌ಮಸ್ ಹಿಂದಿನ ದಿನ ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು ಇದನ್ನು ಸುತ್ತುತ್ತಾರೆ, ನಮ್ಮಲ್ಲಿ ಬೇಸಿಗೆಯ ಹಪ್ಪಳದ ಹಾಗೆ. ಒಬ್ಬರೇ ಐವತ್ತು ಸುತ್ತಲು ಕೂತರೆ ಕೊನೆಯ ಇಪ್ಪತ್ತು ಸಡಿಲವೇ ಆಗುವುದು.

ಎಣ್ಣೆ ಎರಡಿಂಚು ಆಳ ಇರಲಿ, 170ರಿಂದ 175 ಡಿಗ್ರಿ. ಫಿಲಿಪೀನ್ಸ್‌ನಲ್ಲಿ ತೆಂಗಿನೆಣ್ಣೆಯಲ್ಲೇ ಕರಿಯುವುದು ಸಾಮಾನ್ಯ, ಕರಾವಳಿಯವರಾದ ನಿಮಗೆ ಅದೇನು ಹೊಸದಲ್ಲ. ಸೂರ್ಯಕಾಂತಿ ಎಣ್ಣೆಯೂ ಆಗುತ್ತದೆ. ಹಾಳೆಯ ಚೂರೊಂದನ್ನು ಹಾಕಿ ನೋಡಿ, ಮುಳುಗಿ ಎರಡು ಮೂರು ಸೆಕೆಂಡಿಗೆ ಗುಳ್ಳೆಯೆಬ್ಬಿಸುತ್ತಾ ಮೇಲೆ ಬಂದರೆ ಹದ. ಒಂದು ಸಲಕ್ಕೆ ಐದಾರು ಮಾತ್ರ, ಅಂಟಿದ ಬದಿ ಕೆಳಗೆ. ಬಣ್ಣಕ್ಕಿಂತ ಸದ್ದಿಗೆ ಕಿವಿ ಕೊಡಿ. ಮೊದಲು ಜೋರು ಸದ್ದು, ನೀರು ಹೋಗುತ್ತಾ ಹೋಗುತ್ತಾ ಅದು ತಗ್ಗುತ್ತದೆ. ಬಿಡಿಸಿದ ಹೂರಣಕ್ಕೆ ಮೂರು ನಾಲ್ಕು ನಿಮಿಷ, ಅರೆದದ್ದಕ್ಕೆ ನಾಲ್ಕೈದು.

ತೆಗೆದ ಮೇಲೆ ಟಿಶ್ಯೂ ಮೇಲೆ ಮಲಗಿಸಬೇಡಿ. ಕರಿದ ತಿಂಡಿ ಎಣ್ಣೆ ಕುಡಿಯುವುದು ಬಾಣಲೆಯೊಳಗೆ ಅಂತ ನಾವು ತಿಳಿದಿರುತ್ತೇವೆ. ಹೆಚ್ಚಿನ ಪಾಲು ಹೊರಗೆ ತೆಗೆದು ಆರುವಾಗ ಒಳಗೆ ಹೋಗುತ್ತದೆ. ಬಾಣಲೆಯಲ್ಲಿರುವಾಗ ಹೊರಬರುವ ಆವಿ ಎಣ್ಣೆಯನ್ನು ದೂರ ಇಡುತ್ತದೆ. ತೆಗೆದ ಮೇಲೆ ಆವಿ ನಿಲ್ಲುತ್ತದೆ, ಮೈಮೇಲಿನ ಎಣ್ಣೆ ಒಳಕ್ಕೆ ಎಳೆಯಲ್ಪಡುತ್ತದೆ. ಅದಕ್ಕೇ ಜಾಲರಿಯಲ್ಲಿ ಅಲುಗಿಸಿ, ತೂತಿನ ಪಾತ್ರೆಯಲ್ಲಿ ನೆಟ್ಟಗೆ ನಿಲ್ಲಿಸಿ. ಎಣ್ಣೆ ಇಳಿಯುತ್ತದೆ, ಆವಿ ಹೋಗುತ್ತದೆ. ಡಬ್ಬಿಗೆ ಹಾಕುವುದಿದ್ದರೆ ಪೂರ್ತಿ ಆರಿದ ಮೇಲೆ, ಮುಚ್ಚಳ ಬಿಗಿ ಮಾಡದೆ. ಬಿಸಿಯಲ್ಲೇ ಮುಚ್ಚಿದರೆ ನಿಮ್ಮ ಗೆಳತಿ ಮಾಡಿದ್ದೂ ಮೆತ್ತಗಾಗುತ್ತಿತ್ತು.

ಏರ್ ಫ್ರೈಯರ್‌ನಲ್ಲಿ ಆಗುತ್ತದೆ. ಎಲ್ಲ ಕಡೆ ಬ್ರಶ್‌ನಿಂದ ಎಣ್ಣೆ ಸವರಿ, 190 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ, ನಡುವೆ ಒಮ್ಮೆ ತಿರುಗಿಸಿ. ಎಣ್ಣೆ ಸವರದಿದ್ದರೆ ಅಲ್ಲಲ್ಲಿ ಬಿಳಿ ಹಿಟ್ಟಿನ ಕಲೆ ಉಳಿಯುತ್ತದೆ. ಬಿಡಿಸಿದ ಹೂರಣಕ್ಕೆ ಪರವಾಗಿಲ್ಲ. ಕರಿದ ಹಪ್ಪಳಕ್ಕೂ ಸುಟ್ಟ ಹಪ್ಪಳಕ್ಕೂ ಇರುವಷ್ಟು ವ್ಯತ್ಯಾಸ ಇದ್ದೇ ಇದೆ. ಮನೆಗೆ ಜನ ಬಂದಾಗ ನಾನು ಕರಿಯುತ್ತೇನೆ.

ಫ್ರೀಜರ್‌ನಲ್ಲಿ ಇಡಬಹುದು, ಅಲ್ಲಿಯವರೂ ಇಡುತ್ತಾರೆ. ಕರಿಯದ ಸುರುಳಿಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ಕಲ್ಲಾದ ಮೇಲೆ ಚೀಲಕ್ಕೆ ತುಂಬಿ. ಒಂದು ತಿಂಗಳೊಳಗೆ ಮುಗಿಸಿ. ಬಂಗುಡೆಯಂಥ ಕೊಬ್ಬಿನ ಮೀನು ಫ್ರೀಜರ್‌ನಲ್ಲೂ ಮೆಲ್ಲಗೆ ಕಮಟಾಗುತ್ತದೆ. ಕರಗಿಸಬೇಡಿ. ಕರಗಿಸಿದರೆ ಹಾಳೆ ನೆನೆದು ಹರಿಯುತ್ತದೆ. ಕಲ್ಲಾಗಿದ್ದ ಹಾಗೆಯೇ, ಮೇಲಿನ ಮಂಜು ಕೊಡವಿ, ಸ್ವಲ್ಪ ಕಡಿಮೆ ಉರಿಯಲ್ಲಿ, ಎರಡು ಮೂರು ನಿಮಿಷ ಜಾಸ್ತಿ ಕರಿಯಿರಿ. ಮಂಜು ಕೊಡವದಿದ್ದರೆ ಎಣ್ಣೆ ಮತ್ತೆ ಕೈಗೆ ಸಿಡಿಯುತ್ತದೆ.

ಅತ್ತೆಯವರ ಮಾತಿಗೆ ಬರೋಣ. ಮೀನು ಹಾಲು ಸೇರಿದರೆ ತೊನ್ನು ಬರುತ್ತದೆ ಅನ್ನುವುದನ್ನು ನನ್ನ ಅಜ್ಜಿಯೂ ಹೇಳುತ್ತಿದ್ದರು. ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ನಾಶವಾಗುವುದರಿಂದ, ಹೆಚ್ಚಾಗಿ ದೇಹದ ರಕ್ಷಣಾ ವ್ಯವಸ್ಥೆಯೇ ಅವುಗಳ ಮೇಲೆ ತಿರುಗಿಬೀಳುವುದರಿಂದ. ಊಟದ ತಟ್ಟೆಯಲ್ಲಿ ಏನು ಪಕ್ಕ ಏನಿತ್ತು ಎಂಬುದರಿಂದಲ್ಲ. ಮೀನನ್ನು ಹಾಲಿನ ಸಾಸ್‌ನಲ್ಲಿ ಬೇಯಿಸಿ ತಿನ್ನುವ ದೇಶಗಳು ಎಷ್ಟೋ ಇವೆ. ಆದರೂ ಇದಕ್ಕಾಗಿ ಮನೆಯಲ್ಲಿ ಜಗಳ ಬೇಡ. ಚೀಸ್ ಹಾಕಲೇಬೇಕೆಂದಿಲ್ಲ, ಅದು ಮಕ್ಕಳಿಗೆ ಇಷ್ಟ ಅಂತ ಹಾಕುವುದು. ಹಾಕುವುದಾದರೆ ಬೆಂಕಿಕಡ್ಡಿಯಷ್ಟು ತೆಳು ಪ್ರೊಸೆಸ್ಡ್ ಚೀಸ್ ನಡುವೆ ಇಡಿ. ಮೊಜರೆಲ್ಲಾ ಕರಗಿ ಹರಿದು ಸಿಕ್ಕ ಸಂದಿಯಿಂದ ಹೊರಬರುತ್ತದೆ. ಅತ್ತೆಯವರಿಗೆ ಚೀಸ್ ಇಲ್ಲದ್ದನ್ನು ಬೇರೆ ಸುತ್ತಿಡಿ, ಯಾವುದು ಯಾವುದು ಅಂತ ಗೊತ್ತಾಗಲು ಅದನ್ನು ಸ್ವಲ್ಪ ಉದ್ದ ಮಾಡಿ.

ಅದ್ದುವ ರಸವನ್ನು ಮರೆಯಬೇಡಿ. ಅರ್ಧ ಕಪ್ ವಿನೆಗರ್, ಜಜ್ಜಿದ ನಾಲ್ಕು ಬೆಳ್ಳುಳ್ಳಿ, ಎರಡು ಸೂಜಿ ಮೆಣಸು, ಕಾಳುಮೆಣಸು, ಉಪ್ಪು, ಚಿಟಿಕೆ ಸಕ್ಕರೆ. ಅರ್ಧ ಗಂಟೆ ಮೊದಲೇ ಕಲಸಿಡಿ. ಮಕ್ಕಳಿಗೆ ಬಾಳೆಹಣ್ಣಿನ ಕೆಚಪ್ ಕೊಡಬಹುದು, ಶಾರ್ಜಾದ ಫಿಲಿಪೀನ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಟೊಮೆಟೊ ಬದಲು ಅಲ್ಲೇ ಬೆಳೆಯುವ ಬಾಳೆಹಣ್ಣು ಬಳಸುವ ಆ ಕೆಚಪ್‌ನ ಹಿರಿಮೆ ಮರಿಯಾ ಒರೋಸಾ ಎಂಬ ಆಹಾರ ತಜ್ಞೆಗೆ ಸಲ್ಲುತ್ತದೆ. ಆಕೆ 1945ರ ಮನಿಲಾ ಕದನದಲ್ಲಿ ತೀರಿಕೊಂಡರು. ವಿನೆಗರ್ ವಿಷಯದಲ್ಲಿ ಮಾತ್ರ ನನಗೆ ಹಟ ಇದೆ. ಬಾಟಲಿಯ ಸಿಂಥೆಟಿಕ್ ವಿನೆಗರ್ ನಾಲಿಗೆ ಕೊರೆಯುತ್ತದೆ. ಫಿಲಿಪೀನ್ಸ್‌ನಲ್ಲಿ ತೆಂಗಿನ ಕಳ್ಳಿಗೆ ತುಬಾ ಅನ್ನುತ್ತಾರೆ, ಅದು ಹುಳಿ ಬಂದು ಆದ ವಿನೆಗರ್ ಅಲ್ಲಿಯ ಮನೆಗಳಲ್ಲಿ ಇರುತ್ತದೆ. ಗೋವಾದಲ್ಲೂ, ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲೂ ಕಳ್ಳಿನ ವಿನೆಗರ್ ಅಂತ ಬಳಸುವುದು ಅದನ್ನೇ. ಮುಂದಿನ ಸಲ ಊರಿಗೆ ಬಂದಾಗ ಒಂದು ಬಾಟಲಿ ಹುಡುಕಿ ತೆಗೆದುಕೊಂಡು ಹೋಗಿ, ಅರ್ಧ ಗೆಳತಿಗೂ ಕೊಡಿ. ಆಕೆ ಅದನ್ನು ಮೂಸಿದ ಕೂಡಲೇ ಗುರುತು ಹಿಡಿಯುತ್ತಾಳೆ.